ಆರಕ್ಕೆ ಆರು ತಂದುಕೊಟ್ಟ ತಪ್ಪು ನಿಯಮ: ಭಿನ್ನರಾಶಿ ಹೋಲಿಕೆಯ ಒಂದು ಪ್ರಕರಣ

ಐದನೇ ತರಗತಿಯ ಹುಡುಗಿ. ಎರಡು ಭಿನ್ನರಾಶಿಗಳಲ್ಲಿ ಯಾವುದು ದೊಡ್ಡದು ಎಂದು ಗುರುತಿಸುವ ಕಿರುಪರೀಕ್ಷೆಯಲ್ಲಿ ಆರಕ್ಕೆ ಆರು. ಮರುದಿನ ಕೊಟ್ಟ ಬೇರೆ ಆರು ಜೋಡಿಗಳಲ್ಲಿ ಸರಿಯಾದದ್ದು ಎರಡೇ ಎರಡು. ಬೆಳಗಾಗುವುದರೊಳಗೆ ಪಾಠವೇನೂ ಮರೆತುಹೋಗಿರಲಿಲ್ಲ. ಅವಸರದ ತಪ್ಪುಗಳೂ ಅವಲ್ಲ. ಎರಡೂ ದಿನ ಅವಳು ಒಂದೇ ನಿಯಮವನ್ನು ಕೂದಲೆಳೆಯಷ್ಟೂ ಆಚೀಚೆ ಆಗದಂತೆ ಪಾಲಿಸಿದ್ದಳು. ನಿಯಮವೇ ತಪ್ಪು. ಅದನ್ನು ಹಿಡಿದುಹಾಕುವ ಪ್ರಶ್ನೆ ಮೊದಲ ದಿನದ ಹಾಳೆಯಲ್ಲಿ ಒಂದೂ ಇರಲಿಲ್ಲ.

ಕನ್ನಡ ಮಾಧ್ಯಮದ ಐದು, ಆರನೇ ತರಗತಿಗಳಲ್ಲಿ ಇಂಥ ಉತ್ತರಹಾಳೆ ಅಪರೂಪವೇನಲ್ಲ. ಹಲವು ಮಕ್ಕಳ ಹಾಳೆಗಳಲ್ಲಿ ಚದುರಿ ಕಾಣುವುದನ್ನು ಇಲ್ಲಿ ಒಬ್ಬಳೇ ಹುಡುಗಿಯ ಪ್ರಕರಣವಾಗಿ ಕೂಡಿಸಿಟ್ಟಿದೆ.

ಮೊದಲ ಹಾಳೆ

ಕೊಟ್ಟ ಜೋಡಿಗಳು ಇವು: 1/3 ಮತ್ತು 1/5, 2/7 ಮತ್ತು 5/7, 3/4 ಮತ್ತು 3/8, 4/5 ಮತ್ತು 2/6, 1/2 ಮತ್ತು 2/6, 5/6 ಮತ್ತು 3/8. ನೋಡಲು ಒಳ್ಳೆಯ ಹಾಳೆಯೇ. ಛೇದ ಒಂದೇ ಇರುವ ಜೋಡಿ ಇದೆ, ಅಂಶ ಒಂದೇ ಇರುವ ಜೋಡಿ ಇದೆ, ಎರಡೂ ಬೇರೆಯಾದವೂ ಇವೆ.

ಹುಡುಗಿಯ ನಿಯಮ ಹೀಗಿತ್ತು: ಕೆಳಗಿನ ಸಂಖ್ಯೆಯಿಂದ ಮೇಲಿನದನ್ನು ಕಳೆ, ಕಡಿಮೆ ಉಳಿದದ್ದೇ ದೊಡ್ಡ ಭಿನ್ನರಾಶಿ. 1/3ರಲ್ಲಿ 2 ಉಳಿಯುತ್ತದೆ, 1/5ರಲ್ಲಿ 4. ಹಾಗಾಗಿ 1/3 ದೊಡ್ಡದು. 2/7ರಲ್ಲಿ 5, 5/7ರಲ್ಲಿ 2, ಹಾಗಾಗಿ 5/7. ಮುಂದಿನ ನಾಲ್ಕರಲ್ಲೂ ಹೀಗೇ ಕಳೆದು ನೋಡಿ, ಉತ್ತರ ಎಲ್ಲೂ ತಪ್ಪುವುದಿಲ್ಲ. ಇದನ್ನು ಅಂತರದ ನಿಯಮ ಎಂದು ಕರೆಯೋಣ.

ಈ ನಿಯಮ ಇಷ್ಟು ಕಾಲ ಸಿಕ್ಕಿಬೀಳದೆ ಉಳಿಯಲು ಕಾರಣವಿದೆ. ಛೇದ ಒಂದೇ ಇದ್ದಾಗ ಅಂಶ ದೊಡ್ಡದಾದಷ್ಟೂ ಅಂತರ ಕುಗ್ಗುತ್ತದೆ. ಅಂಶ ಒಂದೇ ಇದ್ದಾಗ ಛೇದ ದೊಡ್ಡದಾದಷ್ಟೂ ಅಂತರ ಹಿಗ್ಗುತ್ತದೆ. ಅಂದರೆ ಈ ಎರಡು ಬಗೆಯ ಜೋಡಿಗಳಲ್ಲಿ ಅಂತರದ ನಿಯಮ ಎಂದೂ ತಪ್ಪುವುದಿಲ್ಲ. ತೊಂಬತ್ತೊಂಬತ್ತು ಸಲ ಅಲ್ಲ, ನೂರಕ್ಕೆ ನೂರು ಸಲ ಸರಿ. ಹೋಲಿಕೆಯ ಪಾಠ ಮೊದಲು ಶುರುವಾಗುವುದೂ, ಬಹುಕಾಲ ನಿಲ್ಲುವುದೂ ಈ ಎರಡು ಬಗೆಗಳಲ್ಲೇ. ಮಗು ಅಷ್ಟೂ ಲೆಕ್ಕ ಮಾಡಿ, ಅಷ್ಟಕ್ಕೂ ‘ಸರಿ’ ಗುರುತು ಪಡೆದು, ತನ್ನ ನಿಯಮದ ಮೇಲೆ ನಂಬಿಕೆ ಗಟ್ಟಿಮಾಡಿಕೊಂಡಿರುತ್ತದೆ. ಛೇದವೂ ಅಂಶವೂ ಬೇರೆಯಾದ ಜೋಡಿ ಬರುವ ಹೊತ್ತಿಗೆ ಅದು ಅಭ್ಯಾಸವಾಗಿ ಬೇರೂರಿದೆ.

ಅದೇ ಹಾಳೆಯಲ್ಲಿ ಇನ್ನೊಂದು ತಪ್ಪು ನಿಯಮಕ್ಕೂ ಆರಕ್ಕೆ ಆರು ಸಿಗುತ್ತದೆ: ‘ಛೇದ ಚಿಕ್ಕದಿದ್ದರೆ ಭಿನ್ನರಾಶಿ ದೊಡ್ಡದು, ಛೇದ ಒಂದೇ ಆದರೆ ಮಾತ್ರ ಅಂಶ ನೋಡು.’ 1/3, 1/5 ಇಂಥವನ್ನು ಕಲಿಸುವಾಗ ‘ಕೆಳಗಿನದು ದೊಡ್ಡದಾದರೆ ತುಂಡು ಚಿಕ್ಕದು’ ಎಂದು ಹೇಳಿದ್ದನ್ನು ಮಗು ಎಲ್ಲ ಕಡೆಗೂ ಹಚ್ಚಿಕೊಂಡಿರುತ್ತದೆ. ಆ ಮಾತು ಸರಿ, ಹಚ್ಚಿದ ಜಾಗ ತಪ್ಪು. ಹೀಗೆ ಒಂದೇ ಹಾಳೆಯಲ್ಲಿ ಮೂವರು ಮಕ್ಕಳು ಮೂರು ದಾರಿ ಹಿಡಿದು ಪೂರ್ತಿ ಅಂಕ ಪಡೆಯಬಹುದು. ಅವರಲ್ಲಿ ಒಬ್ಬರಿಗೆ ಮಾತ್ರ ಭಿನ್ನರಾಶಿ ಗೊತ್ತು.

ಎರಡನೇ ಹಾಳೆ

ಈ ಜೋಡಿಗಳನ್ನು ಆರಿಸಿದ್ದು ಅಂಕ ಕೊಡಲು ಅಲ್ಲ, ನಿಯಮಗಳನ್ನು ಬೇರೆ ಬೇರೆ ಮಾಡಿ ತೋರಿಸಲು. ಪ್ರತಿ ಜೋಡಿಯಲ್ಲೂ ಒಂದಲ್ಲ ಒಂದು ತಪ್ಪು ನಿಯಮ ಎಡವಬೇಕು.

| ಜೋಡಿ | ಸರಿ ಉತ್ತರ | ಅಂತರದ ನಿಯಮ | ಛೇದ ಚಿಕ್ಕದಾದರೆ ದೊಡ್ಡದು | ಅಂಕಿ ದೊಡ್ಡದಾದರೆ ದೊಡ್ಡದು |
|---|---|---|---|---|
| 5/6, 7/8 | 7/8 | ಸಮ | 5/6 | 7/8 |
| 3/4, 7/9 | 7/9 | 3/4 | 3/4 | 7/9 |
| 2/4, 4/8 | ಸಮ | 2/4 | 2/4 | 4/8 |
| 3/7, 5/8 | 5/8 | 5/8 | 3/7 | 5/8 |
| 1/4, 2/9 | 1/4 | 1/4 | 1/4 | 2/9 |
| 3/8, 2/7 | 3/8 | ಸಮ | 2/7 | 3/8 |

ಹುಡುಗಿಯ ಉತ್ತರಗಳು ಮೂರನೇ ಕಂಬಸಾಲಿಗೆ ಅಕ್ಷರಶಃ ಹೊಂದಿದವು. ಆರರಲ್ಲಿ ಎರಡು ಸರಿ. ಆ ಎರಡೂ ಕಾಕತಾಳೀಯ.

ಕೊನೆಯ ಕಂಬಸಾಲನ್ನೂ ಗಮನಿಸಬೇಕು. ಎರಡೂ ಅಂಕಿ ದೊಡ್ಡದಿದ್ದರೆ ಭಿನ್ನರಾಶಿಯೂ ದೊಡ್ಡದು ಎಂದು ಪೂರ್ಣಸಂಖ್ಯೆಯ ಕಣ್ಣಲ್ಲೇ ನೋಡುವ ಮಗುವಿಗೆ ಈ ಹಾಳೆಯಲ್ಲಿ ನಾಲ್ಕು ಅಂಕ ಬರುತ್ತದೆ! ಮೊದಲ ಹಾಳೆಯಲ್ಲಿ ಅದೇ ಮಗುವಿಗೆ ಕನಿಷ್ಠ ಮೂರು ತಪ್ಪಾಗಿರುತ್ತದೆ. ಅಂಕ ಕೂಡಿಸಿದರೆ ‘ಈ ಮಗು ಸುಧಾರಿಸಿದೆ, ಆ ಹುಡುಗಿ ಹಿಂದೆ ಬಿದ್ದಿದ್ದಾಳೆ’ ಎಂದು ವರದಿ ಬರೆಯಬೇಕಾಗುತ್ತದೆ. ಹಾಳೆಯನ್ನು ಕೆಳಗಿನಿಂದ ಮೇಲಕ್ಕೆ ಕೂಡಿಸಬಾರದು, ಎಡದಿಂದ ಬಲಕ್ಕೆ ಓದಬೇಕು.

ಹಾಳೆ ತಯಾರಿಸುವಾಗ ಎರಡು ಸಣ್ಣ ಸಂಗತಿ. ‘ಸಮ’ ಎಂಬ ಮೂರನೇ ಆಯ್ಕೆ ಇರಲೇಬೇಕು; ಎರಡೇ ಆಯ್ಕೆ ಕೊಟ್ಟರೆ ಕಣ್ಣುಮುಚ್ಚಿ ಬರೆದರೂ ಅರ್ಧ ಸರಿಯಾಗುತ್ತದೆ, ಅಂತರದ ನಿಯಮದ ಬಲವಾದ ಸಾಕ್ಷಿಯೂ ತಪ್ಪಿಹೋಗುತ್ತದೆ. ಇನ್ನು > ಮತ್ತು < ಚಿಹ್ನೆ ಬರೆಯಿಸುವ ಬದಲು ದೊಡ್ಡದರ ಸುತ್ತ ಸುತ್ತು ಹಾಕಿಸುವುದು ವಾಸಿ. ಉತ್ತರ ಗೊತ್ತಿದ್ದೂ ಚಿಹ್ನೆಯ ಬಾಯಿ ಯಾವ ಕಡೆ ಎಂಬಲ್ಲಿ ತಪ್ಪುವ ಮಕ್ಕಳು ಬಹಳ. ಅದು ಬೇರೆಯ ಕಾಯಿಲೆ, ಬೇರೆ ದಿನ ನೋಡಿಕೊಳ್ಳಬಹುದು.

‘ಹೇಗೆ ಗೊತ್ತಾಯ್ತು?’

ಶಿಕ್ಷಕಿ ಅವಳನ್ನು ಪಕ್ಕಕ್ಕೆ ಕೂರಿಸಿಕೊಂಡು 5/6, 7/8 ಜೋಡಿ ತೋರಿಸಿದರು.

‘ಎರಡೂ ಸಮ ಅಂತ ಬರ್ದಿದ್ದೀಯ. ಹೇಗೆ ಗೊತ್ತಾಯ್ತು, ಹೇಳಮ್ಮ?’

‘ಇದ್ರಲ್ಲಿ ಆರರಲ್ಲಿ ಐದು ಇದೆ ಮಿಸ್. ಒಂದು ಕಮ್ಮಿ. ಇದ್ರಲ್ಲಿ ಎಂಟರಲ್ಲಿ ಏಳು. ಇದಕ್ಕೂ ಒಂದೇ ಕಮ್ಮಿ.’

‘ಒಂದು ಏನು ಕಮ್ಮಿ?’

ಹುಡುಗಿ ಸುಮ್ಮನಾದಳು. ಪ್ರಕರಣದ ಕೀಲಿ ಇರುವುದು ಈ ಮೌನದಲ್ಲಿ. ‘ಒಂದು’ ಎಂದರೆ ಅವಳಿಗೆ ಒಂದು ಅಂಕಿ. ಯಾವುದರ ಒಂದು, ಎಷ್ಟು ದೊಡ್ಡ ಒಂದು ಎಂಬ ಪ್ರಶ್ನೆ ಅದುವರೆಗೂ ಎದ್ದಿರಲಿಲ್ಲ. ಮೊದಲ ಭಿನ್ನರಾಶಿಗೆ ಕಡಿಮೆ ಬಿದ್ದಿರುವುದು ಆರನೇ ಒಂದು, ಎರಡನೆಯದಕ್ಕೆ ಎಂಟನೇ ಒಂದು. ಎಂಟನೇ ಒಂದು ಚಿಕ್ಕ ಪಾಲು. ಚಿಕ್ಕ ಪಾಲು ಕಳೆದುಕೊಂಡದ್ದೇ ದೊಡ್ಡದಾಗಿ ಉಳಿಯುತ್ತದೆ. ಅವಳ ಯೋಚನೆಗೆ ಬೇಕಾಗಿದ್ದದ್ದು ಇನ್ನೊಂದೇ ಹೆಜ್ಜೆ.

ಇದು ನಮ್ಮ ಮಕ್ಕಳಿಗೇ ಸೀಮಿತವಾದ ತಪ್ಪಲ್ಲ. ಆಸ್ಟ್ರೇಲಿಯಾದಲ್ಲಿ ಡಗ್ ಕ್ಲಾರ್ಕ್ ಮತ್ತು ಆ್ಯನ್ ರೋಶ್ 2009ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 323 ಆರನೇ ತರಗತಿ ಮಕ್ಕಳನ್ನು ಒಬ್ಬೊಬ್ಬರನ್ನಾಗಿ ಕೂರಿಸಿಕೊಂಡು ಎಂಟು ಜೋಡಿಗಳ ಬಗ್ಗೆ ಕೇಳಿದ್ದರು. 5/6 ಮತ್ತು 7/8, 3/4 ಮತ್ತು 7/9 ಆ ಎಂಟರಲ್ಲಿ ಸೇರಿದ್ದವು. ‘ಎರಡಕ್ಕೂ ಒಂದೊಂದು ಕಡಿಮೆ, ಆದ್ದರಿಂದ ಸಮ’ ಎಂಬ ಮಾತು ಅಲ್ಲಿಯೂ ಕೇಳಿಬಂದಿತ್ತು.

ಆದರೆ ಕನ್ನಡದಲ್ಲಿ ಈ ತಪ್ಪಿಗೆ ನಮ್ಮ ಓದುವ ರೀತಿಯೂ ನೀರೆರೆಯುತ್ತದೆ. 5/6 ಅನ್ನು ತರಗತಿಯಲ್ಲಿ ‘ಐದು ಬೈ ಆರು’ ಎನ್ನುತ್ತೇವೆ. ಇದರಲ್ಲಿ ಪಾಲಿನ ಸುಳಿವೇ ಇಲ್ಲ, ಬರೀ ಎರಡು ಸಂಖ್ಯೆ. ‘ಆರರಲ್ಲಿ ಐದು’ ಎಂದರೆ ಆರು ಗೋಲಿಗಳಲ್ಲಿ ಐದು ಎಣಿಸಿದಂತೆ. ಉಳಿದ ಒಂದು ಗೋಲಿ ಕಣ್ಣಿಗೆ ರಾಚುತ್ತದೆ. ಪುಸ್ತಕದ ‘ಆರನೇ ಐದು’ ಸರಿಯಾದ ರೂಪವೇ, ಆದರೆ ‘ಆರನೇ’ ಎಂದರೆ ಮಗುವಿಗೆ ಮೊದಲು ನೆನಪಾಗುವುದು ಆರನೇ ತರಗತಿ, ಆರನೇ ಬೆಂಚು. ಇವುಗಳಿಗಿಂತ ಚೆನ್ನಾದ ಮಾದರಿ ನಮ್ಮ ಮನೆಮಾತಿನಲ್ಲೇ ಇದೆ: ಮುಕ್ಕಾಲು. ಮೂರು ಕಾಲು ಸೇರಿ ಮುಕ್ಕಾಲು. ಕಾಲು ಎಂಬುದು ಪಾಲಿನ ಹೆಸರು, ಮೂರು ಎಂಬುದು ಎಣಿಕೆ. ಕಾಲು, ಅರೆ, ಮುಕ್ಕಾಲು, ಅರೆಕಾಲು (1/8), ವೀಸ (1/16) ಎಂದು ಅಳೆದು ಬಾಳಿದವರು ಅರೆಕಾಲು ದೊಡ್ಡದೋ ಕಾಲು ದೊಡ್ಡದೋ ಎಂದು ತಬ್ಬಿಬ್ಬಾಗುತ್ತಿರಲಿಲ್ಲ. ಹೆಸರಿನಲ್ಲಿ ಅಂಕಿಗಳೇ ಕಾಣದಿದ್ದುದರಿಂದ ಅಂಕಿಗಳನ್ನು ಹೋಲಿಸುವ ಪ್ರಲೋಭನೆಯೂ ಇರಲಿಲ್ಲ.

ಅದೇ ಜಾಡಿನಲ್ಲಿ ಶಿಕ್ಷಕಿ 5/6 ಅನ್ನು ‘ಆರನೇ-ಒಂದು ಪಾಲು, ಐದು ಪಾಲು’ ಎಂದು ಓದಿಸಿದರು. ಉದ್ದವಾಯಿತು ನಿಜ. ಎರಡು ವಾರ ಮಾತ್ರ ಹೀಗೆ ಓದಿದರೆ ಸಾಕು. ಆಮೇಲೆ ‘ಬೈ’ ಎಂದರೂ ಹಾನಿಯಿಲ್ಲ.

ಪಟ್ಟಿಗಳು: ಅಳತೆ ಎಷ್ಟು, ಎಲ್ಲಿ ಕೆಡುತ್ತದೆ

ಅಂತರದ ನಿಯಮ ತಪ್ಪು ಎಂದು ಬಾಯಲ್ಲಿ ಹೇಳಿದರೆ ಮಗು ತಲೆಯಾಡಿಸಿ ಮತ್ತೆ ಅದನ್ನೇ ಮಾಡುತ್ತದೆ. ಕಣ್ಣಿಗೆ ಕಾಣಿಸಬೇಕು. ಹಾಗೆಂದು ಬೋರ್ಡಿನ ಮೇಲೆ ರೊಟ್ಟಿ ಬರೆದು ಕೈಯಳತೆಯಲ್ಲಿ ಹೋಳು ಮಾಡಿದರೆ ಇನ್ನಷ್ಟು ಕೆಡುತ್ತದೆ. 5/6ಕ್ಕೂ 7/8ಕ್ಕೂ ಇರುವ ವ್ಯತ್ಯಾಸ 1/24. ನೋಟ್‌ಪುಸ್ತಕದಲ್ಲಿ 6 ಸೆಂ.ಮೀ. ಉದ್ದದ ಆಯತ ಬರೆದರೆ ಆ ವ್ಯತ್ಯಾಸ ಎರಡೂವರೆ ಮಿಲಿಮೀಟರ್. ಅಷ್ಟನ್ನು ಪೆನ್ಸಿಲ್ಲಿನ ಗೆರೆ ಮತ್ತು ಕೈಯ ನಡುಕ ಸೇರಿ ನುಂಗಿಬಿಡುತ್ತವೆ. ಚಿತ್ರ ನೋಡಿದ ಮಗು ‘ಹ್ಞೂಂ, ಸಮವೇ’ ಎಂದು ತನ್ನ ತಪ್ಪಿಗೆ ಸಾಕ್ಷಿ ಹುಡುಕಿಕೊಳ್ಳುತ್ತದೆ.

ಆದ್ದರಿಂದ 24 ಸೆಂ.ಮೀ. ಉದ್ದ, 2 ಸೆಂ.ಮೀ. ಅಗಲದ ಕಾಗದದ ಪಟ್ಟಿ. ಎ4 ಹಾಳೆಯ ಉದ್ದದ ಕಡೆಯಿಂದ ಹತ್ತು ಪಟ್ಟಿ ಆರಾಮವಾಗಿ ಸಿಗುತ್ತವೆ. 24ನ್ನೇ ಆರಿಸಲು ಕಾರಣ, ಅದು 2, 3, 4, 6, 8, 12 ಎಲ್ಲದರಿಂದಲೂ ಭಾಗವಾಗುತ್ತದೆ: ಅರ್ಧಕ್ಕೆ 12 ಸೆಂ.ಮೀ., ಮೂರನೇ ಒಂದಕ್ಕೆ 8, ಕಾಲಿಗೆ 6, ಆರನೇ ಒಂದಕ್ಕೆ 4, ಎಂಟನೇ ಒಂದಕ್ಕೆ 3. ಸ್ಕೇಲಿನಲ್ಲಿ ಎಲ್ಲವೂ ಪೂರ್ಣ ಸೆಂಟಿಮೀಟರಿಗೆ ಬೀಳುತ್ತವೆ. 5/6ಕ್ಕೆ 20 ಸೆಂ.ಮೀ. ಬಣ್ಣ, 7/8ಕ್ಕೆ 21 ಸೆಂ.ಮೀ. ಬಣ್ಣ. ಒಂದರ ಕೆಳಗೊಂದು ಎಡತುದಿ ಕೂಡಿಸಿ ಇಟ್ಟರೆ ಪೂರ್ತಿ ಒಂದು ಸೆಂಟಿಮೀಟರ್ ಹೊರಚಾಚುತ್ತದೆ. ಸರ್ಕಾರಿ ಶಾಲೆಗಳಿಗೆ ಬಂದಿರುವ ಗಣಿತ ಕಲಿಕಾ ಆಂದೋಲನದ ಕಿಟ್‌ನಲ್ಲೂ ಭಿನ್ನರಾಶಿ ಪಟ್ಟಿಗಳಿವೆ, ಕಪಾಟಿನಿಂದ ಹೊರಗೆ ತೆಗೆದರೆ ಅವೂ ಆಗುತ್ತವೆ. ಆದರೂ ಮೊದಲ ಸಲ ಮಕ್ಕಳೇ ಮಡಿಚಿ ಮಾಡಿದ ಪಟ್ಟಿಯ ಪ್ರಯೋಜನವೇ ಬೇರೆ. ಎಂಟು ಪಾಲು ಮಾಡಲು ಮೂರನೇ ಸಲ ಮಡಿಚುವಾಗ ತುಂಡು ಚಿಕ್ಕದಾಗುವುದು ಬೆರಳಿಗೆ ಗೊತ್ತಾಗುತ್ತದೆ.

ಆರು ಪಾಲಿಗೆ ಮೊದಲು ಮೂರು, ಆಮೇಲೆ ಅರ್ಧ. ಮೂರು ಮಡಿಕೆಗೆ ಸೀರೆಯ ನೆರಿಗೆ ಹಿಡಿದಂತೆ ಹಿಂದೆ ಮುಂದೆ ಮಡಿಚಿ, ಮೂರೂ ಸರಿದೂಗಿದ ಮೇಲೆಯೇ ಗೀಟು ಒತ್ತಬೇಕು. ಮೊದಲೇ ಒತ್ತಿದರೆ ಒಂದು ಪಾಲು ದಪ್ಪವಾಗುತ್ತದೆ. ಏಳು ಪಾಲು ಮಡಿಕೆಗೆ ಸಿಗುವುದಿಲ್ಲ. ಅದಕ್ಕೆ ಗೆರೆಯ ನೋಟ್‌ಪುಸ್ತಕ ಸಾಕು: ಪಟ್ಟಿಯ ಒಂದು ತುದಿಯನ್ನು ಒಂದು ಗೆರೆಯ ಮೇಲಿಟ್ಟು, ಇನ್ನೊಂದು ತುದಿ ಅಲ್ಲಿಂದ ಏಳನೇ ಗೆರೆಯ ಮೇಲೆ ಬರುವಂತೆ ಓರೆಯಾಗಿ ಇಡಿ. ನಡುವಿನ ಗೆರೆಗಳು ಪಟ್ಟಿಯ ಅಂಚನ್ನು ಮುಟ್ಟುವ ಕಡೆ ಚುಕ್ಕಿ ಹಾಕಿದರೆ ಏಳು ಸಮಪಾಲು. ಪಟ್ಟಿ ಉದ್ದವಾಗಿ ಪುಟದಿಂದ ಹೊರಬಿದ್ದರೆ ಪ್ರತಿ ಸಲ ಎರಡೆರಡು ಗೆರೆ ಬಿಟ್ಟು ಎಣಿಸಬೇಕು.

ಕೆಡುವ ಜಾಗಗಳು ಗೊತ್ತಿರುವಂಥವೇ. ಎರಡು ಪಟ್ಟಿಗಳ ಉದ್ದ ಬೇರೆಯಾದರೆ ಹೋಲಿಕೆಗೆ ಅರ್ಥವಿಲ್ಲ. ಕತ್ತರಿಸುವಾಗ ಅರ್ಧ ಸೆಂಟಿಮೀಟರ್ ಆಚೀಚೆಯಾದರೂ 20, 21ರ ಆಟ ಮುಗಿಯಿತು. ಆರು ಪಾಲು ಮಾಡು ಎಂದರೆ ಆರು ಗೆರೆ ಎಳೆದು ಏಳು ಪಾಲು ಮಾಡಿಕೊಳ್ಳುವ ಮಗು ಪ್ರತಿ ತರಗತಿಯಲ್ಲೂ ಇರುತ್ತದೆ. ಸಂಖ್ಯಾರೇಖೆಗೆ ಹೋದಾಗ ಇದೇ ತಪ್ಪು ಸೊನ್ನೆಯ ಗುರುತನ್ನು ‘ಒಂದು’ ಎಂದು ಎಣಿಸುವ ರೂಪದಲ್ಲಿ ಮರಳುತ್ತದೆ. ಎಣಿಸಬೇಕಾದ್ದು ಗೆರೆಗಳನ್ನಲ್ಲ, ಗೆರೆಗಳ ನಡುವಿನ ಜಾಗಗಳನ್ನು.

3/4 ಮತ್ತು 7/9ಕ್ಕೆ 24ರ ಪಟ್ಟಿ ಒಗ್ಗುವುದಿಲ್ಲ. ದಿನಪತ್ರಿಕೆಯಿಂದ 36 ಸೆಂ.ಮೀ. ಪಟ್ಟಿ ಕತ್ತರಿಸಿಕೊಂಡರೆ 27 ಮತ್ತು 28 ಸೆಂ.ಮೀ. ಬರುತ್ತದೆ. ಹುಡುಗಿ ಈ ಜೋಡಿಯಲ್ಲಿ ಬೆಚ್ಚಿದಳು. 5/6, 7/8ರಲ್ಲಿ ಅವಳ ನಿಯಮ ‘ಸಮ’ ಎಂದಿತ್ತು, ಸ್ವಲ್ಪ ತಪ್ಪಿತ್ತು. ಇಲ್ಲಿ ಅದು ಉತ್ತರವನ್ನೇ ತಲೆಕೆಳಗು ಮಾಡಿತ್ತು.

ಕೊರತೆಯನ್ನು ಹಂಚಿಕೊಳ್ಳುವುದು

ಇಲ್ಲಿ ಶಿಕ್ಷಕರು ಸಾಮಾನ್ಯವಾಗಿ ಎರಡರಲ್ಲಿ ಒಂದು ಮಾಡುತ್ತಾರೆ: ‘ಕಳೆಯಬೇಡ’ ಎಂದು ನಿಷೇಧ ಹೇರುತ್ತಾರೆ, ಇಲ್ಲವೇ ನೇರವಾಗಿ ಛೇದಗಳ ಲ.ಸಾ.ಅ.ಗೆ (ಲಘುತಮ ಸಾಮಾನ್ಯ ಅಪವರ್ತ್ಯಕ್ಕೆ) ಹೋಗುತ್ತಾರೆ. ಎರಡರಿಂದಲೂ ಆ ಹುಡುಗಿಯ ಯೋಚನೆ ವ್ಯರ್ಥವಾಗುತ್ತದೆ. ಎಷ್ಟು ಕಡಿಮೆ ಬಿದ್ದಿದೆ ಎಂದು ನೋಡುವುದು ಒಳ್ಳೆಯ ಬುದ್ಧಿ. ಕೈಬಿಡಬೇಕಾದ್ದು ಅದನ್ನಲ್ಲ.

2025ರ ಆರಂಭದವರೆಗೆ ಬಿಸಿಯೂಟದ ಹೊತ್ತಿನಲ್ಲಿ ಮೊಟ್ಟೆ, ಬಾಳೆಹಣ್ಣಿನ ಜೊತೆ ಕೊಡುತ್ತಿದ್ದ, ಮಕ್ಕಳಿಗೆ ಪರಿಚಯವಿರುವ ಇನ್ನೊಂದು ವಸ್ತು ಶೇಂಗಾ ಚಿಕ್ಕಿ. ಆಯತಾಕಾರ, ಕತ್ತರಿಸಲು ರೊಟ್ಟಿಗಿಂತ ಅನುಕೂಲ. ಆರು ಮಕ್ಕಳಿಗೆ ಐದು ಚಿಕ್ಕಿ ಬಂದಿದೆ. ಪ್ರತಿ ಚಿಕ್ಕಿಯನ್ನೂ ಆರು ತುಂಡು ಮಾಡಿ ಒಬ್ಬೊಬ್ಬರಿಗೆ ಒಂದೊಂದು ತುಂಡು ಕೊಟ್ಟರೆ ಪ್ರತಿಯೊಬ್ಬರಿಗೂ 5/6. ಪಕ್ಕದ ಸಾಲಿನಲ್ಲಿ ಎಂಟು ಮಕ್ಕಳು, ಏಳು ಚಿಕ್ಕಿ, ಪ್ರತಿಯೊಬ್ಬರಿಗೂ 7/8. ಎರಡು ಸಾಲಿಗೂ ಒಂದೊಂದು ಚಿಕ್ಕಿ ಕಡಿಮೆ, ಹುಡುಗಿ ಹೇಳಿದಂತೆಯೇ. ಈಗ ಕೇಳಬೇಕಾದ ಪ್ರಶ್ನೆ: ಆ ಒಂದು ಚಿಕ್ಕಿಯ ಕೊರತೆಯನ್ನು ಎಷ್ಟು ಜನ ಹಂಚಿಕೊಂಡರು? ಈ ಸಾಲಿನಲ್ಲಿ ಆರು ಜನ, ಆ ಸಾಲಿನಲ್ಲಿ ಎಂಟು ಜನ. ಎಂಟು ಜನ ಹಂಚಿಕೊಂಡರೆ ಒಬ್ಬೊಬ್ಬರಿಗೆ ತಗಲುವ ನಷ್ಟ ಕಡಿಮೆ.

ಈ ಒಂದು ಪ್ರಶ್ನೆ ಎರಡನೇ ಹಾಳೆಯ ಉಳಿದ ಜೋಡಿಗಳಿಗೂ ದಾರಿ ಮಾಡಿತು. 3/8, 2/7: ಎರಡು ಕಡೆಯೂ ಐದು ಚಿಕ್ಕಿ ಕಡಿಮೆ, ಹಂಚಿಕೊಳ್ಳುವವರು ಎಂಟು ಮತ್ತು ಏಳು, ಹಾಗಾಗಿ 3/8 ದೊಡ್ಡದು. 2/4, 4/8: ನಾಲ್ವರಿಗೆ ಎರಡು ಕಡಿಮೆ, ಎಂಟು ಜನಕ್ಕೆ ನಾಲ್ಕು ಕಡಿಮೆ, ಅದೇ ಸಾಲನ್ನು ಎರಡು ಸಲ ಕೂರಿಸಿದಂತೆ, ಸಮ. ಕಷ್ಟದ್ದು 3/4, 7/9. ಕೊರತೆ ಒಂದು ಮತ್ತು ಎರಡು, ಜನ ನಾಲ್ಕು ಮತ್ತು ಒಂಬತ್ತು. ‘ನಾಲ್ವರಿಗೆ ಒಂದು ಕಮ್ಮಿ ಅಂದ್ರೆ, ಅಂಥ ಎರಡು ಸಾಲು ಸೇರಿಸಿದ್ರೆ?’ ಎಂದು ಕೇಳಿದಾಗ ‘ಎಂಟು ಜನಕ್ಕೆ ಎರಡು ಕಮ್ಮಿ’ ಎಂದಳು. ಇತ್ತ ಒಂಬತ್ತು ಜನಕ್ಕೆ ಎರಡೇ ಕಡಿಮೆ. ಒಂಬತ್ತು ಜನರ ಸಾಲಿನಲ್ಲಿ ಪೆಟ್ಟು ಹಗುರ, 7/9 ದೊಡ್ಡದು. ಗಮನಿಸಿ, ಅವಳು 1/4 ಅನ್ನು 2/8 ಮಾಡಿಕೊಂಡಳು. ಸಮಾನ ಭಿನ್ನರಾಶಿ ಎಂಬ ಹೆಸರೆತ್ತದೆ ಅದನ್ನು ಬಳಸಿದಳು.

ಇನ್ನೂ ಹಠ ಹಿಡಿದ ಮಗುವಿಗೆ 1/2 ಮತ್ತು 98/100 ಕೊಡಬಹುದು. ಅಂತರ 1 ಮತ್ತು 2. ಅಂತರದ ನಿಯಮದ ಪ್ರಕಾರ 1/2 ದೊಡ್ಡದಾಗಬೇಕು. ಎರಡು ಅಂಕದ ಪ್ರಶ್ನೆಯಲ್ಲಿ ಒಂದು ತೆಗೆದವರೂ ನೂರಕ್ಕೆ ತೊಂಬತ್ತೆಂಟು ತೆಗೆದವರೂ ಒಟ್ಟಿಗೆ ನಿಂತರೆ ತರಗತಿ ನಗುತ್ತದೆ, ನಿಯಮ ಬೀಳುತ್ತದೆ. ಆದರೆ ಅಂಕಪಟ್ಟಿಯ ಉದಾಹರಣೆಯನ್ನು ಇಲ್ಲಿಗೇ ನಿಲ್ಲಿಸಬೇಕು. ಅಂಕಗಳನ್ನು ಕೂಡಿಸುವಾಗ ನಾವು ಮೇಲಿನದನ್ನು ಮೇಲಿನದಕ್ಕೆ, ಕೆಳಗಿನದನ್ನು ಕೆಳಗಿನದಕ್ಕೆ ಕೂಡಿಸುತ್ತೇವೆ. ಮುಂದಿನ ತಿಂಗಳು ಭಿನ್ನರಾಶಿಗಳ ಸಂಕಲನಕ್ಕೆ ಬಂದಾಗ ಮಗು ಅದನ್ನೇ ಹೊತ್ತು ತಂದರೆ ಹೊಸ ತೊಂದರೆ.

ಅರ್ಧ ಎಂಬ ಮೈಲಿಗಲ್ಲು

3/7, 5/8 ಜೋಡಿಯಲ್ಲಿ ಹುಡುಗಿಯ ಉತ್ತರ ಸರಿ, ಕಾರಣ ತಪ್ಪು. ಇದಕ್ಕೆ ಕೊರತೆಯ ಲೆಕ್ಕವೂ ಬೇಕಿಲ್ಲ. ಏಳರ ಅರ್ಧ ಮೂರೂವರೆ, 3 ಅದಕ್ಕಿಂತ ಕಡಿಮೆ. ಎಂಟರ ಅರ್ಧ 4, 5 ಅದಕ್ಕಿಂತ ಹೆಚ್ಚು. ಮುಗಿಯಿತು. ಮಕ್ಕಳು ಛೇದದ ಅರ್ಧ ಹುಡುಕುವುದರ ಬದಲು ಅಂಶದ ಅರ್ಧ ಮಾಡುವುದುಂಟು. ‘ಎಷ್ಟು ಪಾಲು ಬಂದರೆ ಅರ್ಧ ಆಗ್ತಿತ್ತು?’ ಎಂದು ಕೇಳಿದರೆ ಆ ತಪ್ಪು ತಾನೇ ಸರಿಹೋಗುತ್ತದೆ.

ಸೊನ್ನೆಗೆ ಹತ್ತಿರವೋ, ಅರ್ಧಕ್ಕೋ, ಒಂದಕ್ಕೋ ಎಂದು ಮೊದಲು ಅಂದಾಜು ಹಾಕುವ ಅಭ್ಯಾಸವಿಲ್ಲದೆ ಲೆಕ್ಕದ ವಿಧಾನ ಮಾತ್ರ ಕಲಿತರೆ ಏನಾಗುತ್ತದೆ ಎಂಬುದಕ್ಕೆ ಅಮೆರಿಕದ 1978ರ ರಾಷ್ಟ್ರೀಯ ಮೌಲ್ಯಮಾಪನದ ಒಂದು ಪ್ರಶ್ನೆ ಪ್ರಸಿದ್ಧ: 12/13 ಮತ್ತು 7/8 ಕೂಡಿಸಿದರೆ ಸುಮಾರು ಎಷ್ಟು? ಆಯ್ಕೆಗಳು 1, 2, 19, 21. ಎರಡೂ ಒಂದಕ್ಕೆ ತಾಗಿಕೊಂಡಿವೆ, ಉತ್ತರ 2. ಹದಿಮೂರು ವರ್ಷದ ಮಕ್ಕಳಲ್ಲಿ ಅದನ್ನು ಆರಿಸಿದ್ದು ಶೇ. 24, 19 ಅಥವಾ 21 ಎಂದವರು ಅರ್ಧಕ್ಕಿಂತ ಹೆಚ್ಚು.

ಅಡ್ಡ ಗುಣಾಕಾರ ಯಾವಾಗ

ಬೇಡ ಎಂದಲ್ಲ, ಕೊನೆಗೆ. 3/4, 7/9ರಲ್ಲಿ 3 × 9 = 27, 7 × 4 = 28; ಆದ್ದರಿಂದ 7/9 ದೊಡ್ಡದು. ಚಿಟ್ಟೆಯ ರೆಕ್ಕೆಯಂತೆ ಗೆರೆ ಎಳೆದು ಕಲಿಸುವ ಈ ವಿಧಾನ ವೇಗವಾದದ್ದು, ತಪ್ಪುವುದೂ ಅಷ್ಟೇ ವೇಗವಾಗಿ. ಸಾಮಾನ್ಯ ತಪ್ಪು ಗುಣಾಕಾರದ್ದಲ್ಲ, ಗುಣಲಬ್ಧವನ್ನು ಬರೆಯುವ ಜಾಗದ್ದು. ಕೆಳಗಿನ 4ರಿಂದ ಹೊರಟು 7ಕ್ಕೆ ಏರಿದ ಮಗು 28 ಅನ್ನು ಹೊರಟ ಕಡೆಯೇ, ಅಂದರೆ 3/4ರ ಪಕ್ಕದಲ್ಲೇ ಬರೆಯುತ್ತದೆ, ಉತ್ತರ ತಿರುಗಿಬೀಳುತ್ತದೆ. 27 ಮತ್ತು 28 ಏನು ಎಂದು ಗೊತ್ತಿದ್ದರೆ ಹೀಗಾಗದು. ಅವು 36 ಎಂಬ ಸಮಛೇದದ ಮೇಲೆ ಕೂರಬೇಕಾದ ಅಂಶಗಳು: 27/36, 28/36. ಮೊದಲ ಹತ್ತು ಲೆಕ್ಕಗಳಲ್ಲಿ ಈ 36 ಅನ್ನು ಬರೆಯಿಸಲೇಬೇಕು. ಆಮೇಲೆ ಮಗು ತಾನಾಗಿ ‘ಮಿಸ್, ಕೆಳಗಿಂದು ಎರಡೂ ಒಂದೇ ಅಲ್ವಾ, ಯಾಕೆ ಬರೀಬೇಕು?’ ಎಂದು ಕೇಳಿದ ದಿನ ಅಡ್ಡ ಗುಣಾಕಾರವನ್ನು ಬಿಟ್ಟುಕೊಡಬಹುದು.

ಛೇದಗಳನ್ನು ಸುಮ್ಮನೆ ಗುಣಿಸುವುದಕ್ಕಿಂತ ಲ.ಸಾ.ಅ. ತೆಗೆದರೆ ಸಂಖ್ಯೆಗಳು ಚಿಕ್ಕದಾಗುತ್ತವೆ: 5/6, 7/8ಕ್ಕೆ 48ರ ಬದಲು 24 ಸಾಕು, 20/24 ಮತ್ತು 21/24. ಪಟ್ಟಿಯ ಮೇಲೆ ಕಂಡ 20, 21 ಸೆಂಟಿಮೀಟರುಗಳೇ ಇವು ಎಂದು ಇಲ್ಲಿ ಬೆರಳಿಟ್ಟು ತೋರಿಸಬೇಕು. ಭಿನ್ನರಾಶಿಗಳಿಗೆ ಛೇದಗಳ ಲ.ಸಾ.ಅ. ಬಳಸುವುದನ್ನು 9ನೇ ಶತಮಾನದಲ್ಲೇ, ರಾಷ್ಟ್ರಕೂಟ ಅಮೋಘವರ್ಷನ ಕಾಲದ ಮಹಾವೀರಾಚಾರ್ಯ ತನ್ನ ಗಣಿತಸಾರಸಂಗ್ರಹದಲ್ಲಿ ‘ನಿರುದ್ಧ’ ಎಂಬ ಹೆಸರಿನಲ್ಲಿ ವಿವರಿಸಿದ್ದ. ಈ ನೆಲದ ಗಣಿತವೇ, ಮಕ್ಕಳಿಗೆ ಒಂದು ಮಾತು ಹೇಳಬಹುದು.

ಎರಡು ವಾರದ ನಂತರ

ನಾಲ್ಕು ಅವಧಿಗಳ ಪಾಠವಾದ ಮೇಲೆ ಎರಡು ವಾರ ಬಿಟ್ಟು ಮೂರನೇ ಹಾಳೆ. ಮರುದಿನವೇ ಕೊಟ್ಟರೆ ನೆನಪನ್ನು ಅಳೆದಂತೆ. ಐದೇ ಜೋಡಿ, ಪ್ರತಿಯೊಂದರ ಪಕ್ಕದಲ್ಲಿ ಕಾರಣ ಬರೆಯಲು ಎರಡು ಗೆರೆ ಜಾಗ: 4/5 ಮತ್ತು 6/7, 2/3 ಮತ್ತು 7/10, 3/6 ಮತ್ತು 5/10, 2/5 ಮತ್ತು 4/7, 3/10 ಮತ್ತು 2/7. ಅಂತರದ ನಿಯಮಕ್ಕೆ ಇಲ್ಲಿ ಐದಕ್ಕೆ ಸೊನ್ನೆ. ಪೂರ್ಣಸಂಖ್ಯೆಯ ಕಣ್ಣಿನ ಮಗುವಿಗೆ ಈ ಹಾಳೆ ಪ್ರಯೋಜನವಿಲ್ಲ. ಅಂಥವರಿಗೆ 1/4, 2/9ರಂಥ ಜೋಡಿಗಳನ್ನು ಹೆಚ್ಚು ಸೇರಿಸಿ ಬೇರೆ ಹಾಳೆ ಮಾಡಬೇಕು.

ಹುಡುಗಿ ಮೊದಲನೆಯದಕ್ಕೆ ‘ಐದನೇ ಒಂದು ಕಮ್ಮಿ, ಏಳನೇ ಒಂದು ಕಮ್ಮಿ, ಏಳನೇ ಒಂದು ಚಿಕ್ಕದು’ ಎಂದು ಬರೆದು 6/7ಕ್ಕೆ ಸುತ್ತು ಹಾಕಿದಳು. ಎರಡನೆಯದಕ್ಕೆ ‘3 ಜನಕ್ಕೆ 1, 9 ಜನಕ್ಕೆ 3, ಇಲ್ಲಿ 10 ಜನಕ್ಕೆ 3’, ಸುತ್ತು 7/10ಕ್ಕೆ. ಮೂರನೆಯದು ಎರಡೂ ಅರ್ಧ. ನಾಲ್ಕನೆಯದರಲ್ಲಿ ಒಂದು ಅರ್ಧಕ್ಕಿಂತ ಕಡಿಮೆ, ಇನ್ನೊಂದು ಹೆಚ್ಚು.

ಐದನೆಯದರಲ್ಲಿ ಸಿಕ್ಕಿಕೊಂಡಳು. 3/10, 2/7 ಎರಡೂ ಅರ್ಧಕ್ಕಿಂತ ಕೆಳಗೆ. ಅರ್ಧದ ಮೈಲಿಗಲ್ಲು ಕೆಲಸಕ್ಕೆ ಬಾರದು. ಕೊರತೆ ಹತ್ತು ಜನಕ್ಕೆ ಏಳು, ಏಳು ಜನಕ್ಕೆ ಐದು. ಸಾಲುಗಳನ್ನು ಸೇರಿಸುತ್ತ ಹೋದರೆ 35ರವರೆಗೆ ಎಣಿಸಬೇಕು. ಒಂದಕ್ಕೆ ಹತ್ತಿರವಿರುವ ಭಿನ್ನರಾಶಿಗಳಿಗೆ ಕೊರತೆಯ ದಾರಿ ಸಲೀಸು, ಸೊನ್ನೆಯ ಕಡೆಗಿರುವವಕ್ಕೆ ಅದು ಸುತ್ತುಬಳಸು. ಸಮಛೇದ ಮಾಡಿದರೆ 70. ‘7 ಕಮ್ಮಿ, 5 ಕಮ್ಮಿ’ ಎಂದು ಹಳೆಯ ಚಾಳಿಯಂತೆ ಬರೆದು 2/7ರ ಸುತ್ತ ಅರ್ಧ ಸುತ್ತು ಹಾಕಿ, ಅದನ್ನು ಗೀಚಿಹಾಕಿದ್ದಳು. ಅದರ ಕೆಳಗೆ ಸಣ್ಣ ಅಕ್ಷರಗಳಲ್ಲಿ ಕೊರತೆಯನ್ನು ಬಿಟ್ಟು ಸಿಕ್ಕ ಪಾಲುಗಳನ್ನೇ ಹಿಡಿದು ಸಾಲು ಸೇರಿಸಿದ್ದಳು: ‘10 ಜನಕ್ಕೆ 3, 20 ಜನಕ್ಕೆ 6. 7 ಜನಕ್ಕೆ 2, 14 ಜನಕ್ಕೆ 4, 21 ಜನಕ್ಕೆ 6.’ ಅಂದರೆ 6/20 ಮತ್ತು 6/21. ಅಂಶ ಒಂದೇ ಮಾಡಿ ಹೋಲಿಸುವ ಈ ದಾರಿ ಪಾಠದಲ್ಲಿ ಎಲ್ಲೂ ಹೇಳಿಕೊಟ್ಟದ್ದಲ್ಲ. ಸುತ್ತು 3/10ರ ಮೇಲಿತ್ತು.